ಇಪ್ಪತ್ತನೇ ನಿಮಿಷ: ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಪರೀಕ್ಷಕರ ಕೈಪಿಡಿ

ಈ ಕೈಪಿಡಿ ಯಾರಿಗೆ

ಪೀಣ್ಯದ ಟೂಲ್‌ರೂಮಿನಲ್ಲೋ ಬೆಳಗಾವಿಯ ಫೌಂಡ್ರಿಯೊಂದರ ಡಿಸೈನ್ ಕೋಣೆಯಲ್ಲೋ ಕೂತು, ದಿನವಿಡೀ ತ್ರೀಡಿ ಮಾಡೆಲ್ ತಿರುಗಿಸುತ್ತಾ, "ಸಾರ್, ಸಿಸ್ಟಮ್ಮು ಹ್ಯಾಂಗ್ ಆಗ್ತಿದೆ" ಎಂದು ವರ್ಷಗಟ್ಟಲೆ ಗೋಗರೆದು, ಕೊನೆಗೊಂದು ದಿನ "ಆಯ್ತಪ್ಪಾ, ಯಾವುದು ಒಳ್ಳೇದು ಅಂತ ನೀನೇ ನೋಡಿ ಹೇಳು" ಎಂಬ ಅಪ್ಪಣೆ ಗಿಟ್ಟಿಸಿಕೊಂಡವರಿಗಾಗಿ ಇದನ್ನು ಬರೆಯಲಾಗಿದೆ. ಅಪ್ಪಣೆ ಸಿಕ್ಕ ಗಳಿಗೆಯಿಂದ ತಾವು ಡಿಸೈನ್ ಎಂಜಿನಿಯರ್ ಅಲ್ಲ, ಪರೀಕ್ಷಕರು. ಮುಂದಿನ ಸೂಚನೆಗಳನ್ನು ಪರೀಕ್ಷಕರು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಪಾಲಿಸದಿದ್ದರೆ ಆಗುವ ನಷ್ಟಕ್ಕೆ ಕೈಪಿಡಿ ಬರೆದವರು ಜವಾಬ್ದಾರರಲ್ಲ. ಪಾಲಿಸಿದರೆ ಆಗುವ ನಷ್ಟಕ್ಕೂ ಅಲ್ಲ.

ಪರೀಕ್ಷೆಗೆ ಒಳಪಡುವ ಯಂತ್ರದ ಹೆಸರು ಮೊಬೈಲ್ ವರ್ಕ್‌ಸ್ಟೇಷನ್. ಎಚ್‌ಪಿಯವರ ಝಡ್‌ಬುಕ್, ಲೆನೊವೊದ ಥಿಂಕ್‌ಪ್ಯಾಡ್ ಪಿ ಸರಣಿ, ಡೆಲ್‌ನ ಪ್ರಿಸಿಷನ್ ಈ ಕುಲದವು. ಪ್ರಿಸಿಷನ್ ಎಂಬ ಹೆಸರನ್ನು ಡೆಲ್ 2025ರ ಜನವರಿಯಲ್ಲಿ ಕೈಬಿಟ್ಟು 'ಪ್ರೋ ಮ್ಯಾಕ್ಸ್' ಎಂದು ಮರುನಾಮಕರಣ ಮಾಡಿತು. ಹಳೆಯ ಕೊಟೇಶನ್ ಇಟ್ಟುಕೊಂಡು ಹೊಸ ಮಾದರಿ ಹುಡುಕಲು ಹೊರಟವರು ಗಾಬರಿಯಾಗಬಾರದು.

ಪೆಟ್ಟಿಗೆ ತೆರೆಯುವ ಮುನ್ನ

ಇದನ್ನು ಹೊತ್ತುಕೊಂಡು ಓಡಾಡುವ ಅಗತ್ಯ ನಿಜವಾಗಿಯೂ ಇದೆಯೇ ಎಂದು ಪರೀಕ್ಷಕರು ಎದೆ ಮುಟ್ಟಿಕೊಂಡು ಹೇಳತಕ್ಕದ್ದು. ಬಿಡದಿಗೋ ಹೊಸೂರಿಗೋ ಹೋಗಿ, ಗಿರಾಕಿಯ ಕಾನ್ಫರೆನ್ಸ್ ರೂಮಿನಲ್ಲಿ ಅಸೆಂಬ್ಲಿ ಬಿಚ್ಚಿ ತೋರಿಸಿ, "ಇಲ್ಲಿ ಎರಡು ಎಂಎಂ ಜಾಸ್ತಿ ಮಾಡಿ" ಎಂದರೆ ಅಲ್ಲೇ ಮಾಡಿ ಕೊಡುವ ಕೆಲಸವಿದ್ದರೆ ಮುಂದೆ ಓದಿ. ಲ್ಯಾಪ್‌ಟಾಪು ಸೋಮವಾರದಿಂದ ಶನಿವಾರದವರೆಗೆ ಒಂದೇ ಮೇಜಿನ ಮೇಲೆ, ಒಂದೇ ಮಾನಿಟರಿಗೆ ಕಟ್ಟಿಕೊಂಡು ಇರುವುದಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಅದೇ ದುಡ್ಡಿಗೆ ಬರುವ ಡೆಸ್ಕ್‌ಟಾಪು ಇದಕ್ಕಿಂತ ವೇಗವಾಗಿ, ತಣ್ಣಗೆ, ಹೆಚ್ಚು ವರ್ಷ ದುಡಿಯುತ್ತದೆ. ಇದರಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ, ಆದರೂ ಯಾರೂ ಓದು ನಿಲ್ಲಿಸುವುದಿಲ್ಲವೆಂಬುದು ಗೊತ್ತಿರುವುದರಿಂದ ಕೈಪಿಡಿಯನ್ನು ಮುಂದುವರಿಸಲಾಗಿದೆ.

ಒಯ್ಯಬಹುದಾದ ಯಂತ್ರ ಎಂಬ ಮಾತಿಗೆ ಈ ಉದ್ಯಮ ಮೊದಲಿನಿಂದಲೂ ಧಾರಾಳವಾದ ಅರ್ಥ ಕೊಟ್ಟಿದೆ. 1981ರಲ್ಲಿ ಬಂದ ಆಸ್ಬೋರ್ನ್-1 ಹನ್ನೊಂದು ಕೆಜಿ ತೂಗುತ್ತಿತ್ತು, ಪರದೆ ಐದೇ ಇಂಚು, ಬ್ಯಾಟರಿ ಇರಲಿಲ್ಲ. ಹಿಡಿ ಮಾತ್ರ ಇತ್ತು. ಅದಕ್ಕೆ ಹೋಲಿಸಿದರೆ ಇಂದಿನ ಮೂರು ಕೆಜಿ ಏನೂ ಅಲ್ಲ ಎಂದು ಮಾರಾಟದವರು ಹೇಳುತ್ತಾರೆ. ಅಡಾಪ್ಟರನ್ನು ಅವರು ತೂಕಕ್ಕೆ ಹಾಕಿರುವುದಿಲ್ಲ.

ಅಡಾಪ್ಟರ್ ಮತ್ತು ಮೂರನೇ ಪಿನ್

ಡೀಲರು ಡೆಮೋ ಪೀಸ್ ಕಳಿಸಿದಾಗ ಮೊದಲು ಅಡಾಪ್ಟರನ್ನೇ ಹೊರತೆಗೆಯತಕ್ಕದ್ದು. 230 ವ್ಯಾಟ್ ಎಂದು ಬರೆದಿರುವ ಆ ಕರಿ ಗಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ನೋಡಿ. ನಿಮ್ಮ ಬ್ಯಾಗಿನಲ್ಲಿ ಇನ್ನು ಮೂರು ವರ್ಷ ಅದು ಖಾಯಂ ಸದಸ್ಯ. 'ಟೈಪ್ ಸಿ ಇದೆಯಲ್ಲ, ಮೊಬೈಲ್ ಚಾರ್ಜರಿನಲ್ಲೇ ನಡೆಯುತ್ತೆ' ಎಂದು ಆಫೀಸಿನಲ್ಲಿ ಒಬ್ಬರಾದರೂ ಹೇಳೇ ಹೇಳುತ್ತಾರೆ. ಟೈಪ್ ಸಿ ಮೂಲಕ 240 ವ್ಯಾಟ್‌ವರೆಗೆ ಕೊಡುವ ನಿಯಮ 2021ರಲ್ಲಿ ಬಂದಿದೆ, ನಿಜ. ಅವರ ಕೈಯಲ್ಲಿರುವ ಚಾರ್ಜರು ಮಾತ್ರ 33 ವ್ಯಾಟಿನದು. ಅದನ್ನು ಚುಚ್ಚಿದರೆ ಲ್ಯಾಪ್‌ಟಾಪು ಚಾರ್ಜ್ ಆಗುವುದಿರಲಿ, ಮುನಿಸಿಕೊಂಡು ಎಚ್ಚರಿಕೆ ತೋರಿಸುತ್ತದೆ.

ಈಗ ಪ್ಲಗ್ ಹಾಕಿ, ಲೋಹದ ಮುಚ್ಚಳದ ಮೇಲೆ ಬೆರಳಿನ ಹಿಂಬದಿಯನ್ನು ಹಗುರಾಗಿ ಸವರಿ. ಜುಮ್ಮೆಂದರೆ ದೋಷ ಲ್ಯಾಪ್‌ಟಾಪಿನದಲ್ಲ. ಮೂರನೇ ಪಿನ್ನಿನ ಹಿಂದೆ ಗೋಡೆಯೊಳಗೆ ಅರ್ಥಿಂಗ್ ತಂತಿ ಇಲ್ಲ, ಅಥವಾ ಇದ್ದೂ ಎಲ್ಲಿಗೂ ಸೇರಿಲ್ಲ. ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅತ್ಯಲ್ಪ ಕರೆಂಟಿಗೆ ಭೂಮಿಗೆ ಹೋಗಲು ದಾರಿಯಿಲ್ಲದೆ ಅದು ನಿಮ್ಮ ಕೈಯನ್ನೇ ದಾರಿ ಮಾಡಿಕೊಂಡಿದೆ. ಲ್ಯಾಪ್‌ಟಾಪ್ ವಾಪಸ್ ಕಳಿಸುವ ಬದಲು ಎಲೆಕ್ಟ್ರಿಷಿಯನ್‌ನನ್ನು ಕರೆಸತಕ್ಕದ್ದು. ಅವನು ಬಂದು "ಇದು ಮೊದಲಿಂದಲೂ ಹೀಗೇ ಇದೆ ಸಾರ್" ಎಂದರೆ ಅದನ್ನು ಉತ್ತರವೆಂದು ಪರಿಗಣಿಸತಕ್ಕದ್ದಲ್ಲ.

ಬ್ರೋಷರ್ ಓದುವ ಕ್ರಮ

ಬ್ರೋಷರಿನಲ್ಲಿ ಇರುವುದೆಲ್ಲ ಸತ್ಯ. ಆ ಸತ್ಯ ಮೊದಲ ಒಂದು ನಿಮಿಷದ್ದು. ಉದಾಹರಣೆಗೆ 2023ರಲ್ಲಿ ಬಂದ ಇಂಟೆಲ್‌ನ ಐ9-13950ಎಚ್‌ಎಕ್ಸ್ ಪ್ರೊಸೆಸರನ್ನು ತೆಗೆದುಕೊಳ್ಳಿ. ಇಪ್ಪತ್ತನಾಲ್ಕು ಕೋರ್, ಗರಿಷ್ಠ 5.5 ಗಿಗಾಹರ್ಟ್ಸ್. ಅದರ ಮೂಲ ವಿದ್ಯುತ್ ಮಿತಿ 55 ವ್ಯಾಟ್, ಆವೇಶ ಬಂದಾಗಿನ ಮಿತಿ 157 ವ್ಯಾಟ್. ಆ ಆವೇಶ ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುವುದು ಚಿಪ್ ಅಲ್ಲ, ಅದರ ಮೇಲೆ ಕೂತ ತಾಮ್ರದ ಕೊಳವೆ, ಎರಡು ಫ್ಯಾನು, ಮತ್ತು ಯಂತ್ರ ತೆಳ್ಳಗೆ ಕಾಣಬೇಕೆಂದು ಹಟ ಹಿಡಿದ ಯಾರೋ ಒಬ್ಬ ವಿನ್ಯಾಸಕ.

ಇನ್ನು ಇಪ್ಪತ್ತನಾಲ್ಕು ಕೋರ್. ಕ್ಯಾಡ್ ಮಾಡೆಲಿನ ಫೀಚರ್ ಒಂದನ್ನು ಬದಲಾಯಿಸಿ ರಿಬಿಲ್ಡ್ ಕೊಟ್ಟಾಗ ಬಹುಪಾಲು ದುಡಿಯುವುದು ಒಂದೇ ಕೋರ್. ಒಂದು ಫೀಚರು ಮುಗಿಯದೆ ಅದರ ಮೇಲೆ ನಿಂತ ಮುಂದಿನದನ್ನು ಲೆಕ್ಕ ಹಾಕಲು ಬರುವುದಿಲ್ಲ. ಉಳಿದ ಇಪ್ಪತ್ತಮೂರು ಕೈಕಟ್ಟಿ ಕೂತಿರುತ್ತವೆ. ರೆಂಡರಿಂಗ್, ಸಿಮ್ಯುಲೇಶನ್, ಟೂಲ್‌ಪಾತ್ ಲೆಕ್ಕದಲ್ಲಿ ಮಾತ್ರ ಅವು ಎದ್ದು ಬರುತ್ತವೆ. ಆದ್ದರಿಂದ ಪರೀಕ್ಷಕರು ತಮ್ಮ ದಿನದ ಕೆಲಸದಲ್ಲಿ ಮಾಡೆಲಿಂಗ್ ಎಷ್ಟು, ಸಿಮ್ಯುಲೇಶನ್ ಎಷ್ಟು ಎಂದು ಲೆಕ್ಕ ಹಾಕಿ ನಂತರ ಕೋರ್ ಎಣಿಸತಕ್ಕದ್ದು.

ಗ್ರಾಫಿಕ್ಸ್ ವಿಷಯದಲ್ಲಿ ಮೋಸ ಇನ್ನೂ ನಾಜೂಕಾಗಿದೆ. ಒಂದೇ ಹೆಸರಿನ ಎನ್‌ವಿಡಿಯಾ ಚಿಪ್ಪು ತೆಳುವಾದ ಲ್ಯಾಪ್‌ಟಾಪಿನಲ್ಲಿ 80 ವ್ಯಾಟ್ ಆಸುಪಾಸು ಕುಡಿಯುತ್ತದೆ, ದಪ್ಪನೆಯದರಲ್ಲಿ ನೂರೈವತ್ತಕ್ಕೂ ಹೋಗುತ್ತದೆ. ಹೆಸರು ಒಂದೇ, ಕೊಟೇಶನ್ನಿನಲ್ಲಿ ಸಾಲೂ ಒಂದೇ, ಕೆಲಸ ಬೇರೆ. ಕಮಾಂಡ್ ಪ್ರಾಂಪ್ಟಿನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಎಂದು ಟೈಪ್ ಮಾಡಿದರೆ ಈ ಹೊತ್ತು ಎಷ್ಟು ವ್ಯಾಟ್ ನಡೆಯುತ್ತಿದೆ ಎಂಬುದು ಕಾಣುತ್ತದೆ. ಮಾರಾಟದವರು ಪಕ್ಕದಲ್ಲಿದ್ದಾಗಲೇ ಟೈಪ್ ಮಾಡಿದರೆ ಹೆಚ್ಚು ಪರಿಣಾಮಕಾರಿ.

ಮೆಮೊರಿ: ಒಂದು ಬಿಟ್ಟಿನ ಕತೆ

2003ರಲ್ಲಿ ಬೆಲ್ಜಿಯಂ ಚುನಾವಣೆಯಲ್ಲಿ ಬ್ರಸೆಲ್ಸ್‌ನ ಸ್ಕಾರ್‌ಬೆಕ್ ಎಂಬಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಿದ್ದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ತಂತ್ರಾಂಶದಲ್ಲಿ ತಪ್ಪು ಸಿಗಲಿಲ್ಲ. ಮೆಮೊರಿಯ ಒಂದು ಬಿಟ್ ತನ್ನಷ್ಟಕ್ಕೇ ಸೊನ್ನೆಯಿಂದ ಒಂದಕ್ಕೆ ಮಗುಚಿಕೊಂಡಿರಬೇಕು ಎಂಬುದೇ ತನಿಖೆಯವರು ಕೊಟ್ಟ ವಿವರಣೆ. ಬಾಹ್ಯಾಕಾಶದಿಂದ ಬರುವ ಕಣವೊಂದು ತಾಗಿದರೂ ಹಾಗಾಗಬಹುದು.

ಇದನ್ನು ತಡೆಯುವ ಮೆಮೊರಿಗೆ ಇಸಿಸಿ ಎನ್ನುತ್ತಾರೆ. ದತ್ತಾಂಶದ ಬಿಟ್ಟುಗಳ ಜೊತೆ ಕಾವಲಿಗೆ ಒಂದಷ್ಟು ಬಿಟ್ಟುಗಳು ಹೆಚ್ಚಿಗೆ ಇರುತ್ತವೆ, ಒಂದು ಮಗುಚಿದರೆ ಪತ್ತೆ ಹಚ್ಚಿ ತಿದ್ದುತ್ತವೆ. ರಾತ್ರಿಯಿಡೀ ಓಡುವ ಸಿಮ್ಯುಲೇಶನ್ ಇದ್ದವರಿಗೆ ಇದು ಬೇಕು. ಪ್ರೊಸೆಸರು, ಬೋರ್ಡು, ಮೆಮೊರಿ ಮೂರೂ ಒಪ್ಪಿದರೆ ಮಾತ್ರ ಇದು ಕೆಲಸ ಮಾಡುತ್ತದೆ. ಇಲ್ಲಿ ಮಾರಾಟದವರು ಒಂದು ಮಾತು ಹೇಳುತ್ತಾರೆ: "ಡಿಡಿಆರ್5 ಅಂದ್ಮೇಲೆ ಇಸಿಸಿ ಒಳಗೇ ಇರುತ್ತೆ ಸಾರ್." ಇರುತ್ತದೆ, ಚಿಪ್ಪಿನ ಒಳಗಷ್ಟೇ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ತಪ್ಪಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಈ ಎರಡರ ವ್ಯತ್ಯಾಸ ಕೇಳಿದಾಗ ಅವರು "ಟೆಕ್ನಿಕಲ್ ಟೀಮ್ ಹತ್ರ ಮಾತಾಡಿಸ್ತೀನಿ" ಎಂದು ಹೊರಗೆ ಹೋದರೆ, ಅವರು ವಾಪಸ್ ಬರುವ ತನಕ ಕಾಫಿ ಕುಡಿಯತಕ್ಕದ್ದು.

ಇಷ್ಟೆಲ್ಲ ಹೇಳಿದ ಮೇಲೂ, ಬರೀ ಡ್ರಾಯಿಂಗ್ ಮತ್ತು ಮಾಡೆಲಿಂಗ್ ಮಾಡುವವರಿಗೆ ಇಸಿಸಿಗಿಂತ 32 ಜಿಬಿಯ ಬದಲು 64 ಜಿಬಿ ಹಾಕಿಸಿಕೊಳ್ಳುವುದೇ ಲೇಸು ಎಂಬುದು ಕೈಪಿಡಿಯ ಅಭಿಪ್ರಾಯ.

ಬಿಸಿ ಪರೀಕ್ಷೆ

ಇದೇ ಮುಖ್ಯ ಅಧ್ಯಾಯ. ಇಷ್ಟು ಹೊತ್ತು ಪುಟ ಹಾರಿಸಿದವರು ಇಲ್ಲಿ ನಿಲ್ಲತಕ್ಕದ್ದು.

ಬೇಕಾದ ಸಾಮಗ್ರಿ: ಎಸ್‌ಪಿ ರೋಡಿನಲ್ಲಿ ಸಿಗುವ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಒಂದು ವ್ಯಾಟ್ ಮೀಟರ್. ಒಂದು ಗಡಿಯಾರ. ಕೊರೊನಾ ಕಾಲದಲ್ಲಿ ಗೇಟಿನಲ್ಲಿ ಹಣೆಗೆ ಹಿಡಿಯಲು ತಂದು ಈಗ ಸ್ಟೋರ್ಸಿನಲ್ಲಿ ಬಿದ್ದಿರುವ ಥರ್ಮಾಮೀಟರ್.

ಪರೀಕ್ಷೆಯನ್ನು ಡೀಲರಿನ ಎಸಿ ಶೋರೂಮಿನಲ್ಲಿ ಮಾಡತಕ್ಕದ್ದಲ್ಲ. ಸುತ್ತಲಿನ ಗಾಳಿ ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರಲು ನೋಡುತ್ತದೆ, ಆಗ ಪ್ರೊಸೆಸರು ವೇಗ ಇಳಿಸಿ ಜೀವ ಉಳಿಸಿಕೊಳ್ಳುತ್ತದೆ. ಆದ್ದರಿಂದ ಏಪ್ರಿಲ್ ಮಧ್ಯಾಹ್ನ, ಶೀಟ್ ಛಾವಣಿಯ ಕೆಳಗೆ, ನಿಮ್ಮದೇ ಮೇಜಿನ ಮೇಲೆ ಇಟ್ಟು ನೋಡಿ.

ಸಿನೆಬೆಂಚ್ ಎಂಬ ತಂತ್ರಾಂಶ ಹಾಕಿ. ಅದರ ಆರ್23 ಆವೃತ್ತಿ ತಾನಾಗಿಯೇ ಹತ್ತು ನಿಮಿಷ ಓಡುತ್ತದೆ, ಯಂತ್ರ ಸುಸ್ತಾಗುತ್ತದೆಯೇ ನೋಡಲೆಂದೇ ಹಾಗೆ ಮಾಡಿದ್ದಾರೆ. ನೀವು ಎರಡು ಸಲ ಓಡಿಸಿ. ಮೊದಲ ನಿಮಿಷದಲ್ಲಿ ವ್ಯಾಟ್ ಮೀಟರು ಇನ್ನೂರು ದಾಟಿ ಕುಣಿಯುತ್ತದೆ. ಐದನೇ ನಿಮಿಷಕ್ಕೆ ನೂರೈವತ್ತು, ಫ್ಯಾನಿನ ಸದ್ದು ಏರಿ ಪಕ್ಕದ ಸೀಟಿನವರು ತಲೆಯೆತ್ತಿ ನೋಡುತ್ತಾರೆ. ಇಪ್ಪತ್ತನೇ ನಿಮಿಷದಲ್ಲಿ ಯಾವ ಅಂಕಿಯ ಹತ್ತಿರ ನಿಂತು ಅಲ್ಲಾಡದೆ ಉಳಿಯಿತೋ ಅದೇ ನೀವು ಕೊಂಡುಕೊಳ್ಳುತ್ತಿರುವ ಯಂತ್ರ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಬಡಿಸುವ ಉತ್ಸಾಹವನ್ನು ಬ್ರೋಷರ್ ಹೇಳುತ್ತದೆ, ನೀವು ಊಟಕ್ಕೆ ಕೂರುವುದು ಮೂರನೇ ಪಂಕ್ತಿಯಲ್ಲಿ.

ಈಗ ಥರ್ಮಾಮೀಟರನ್ನು ಕೀಬೋರ್ಡಿನ ಮೇಲ್ಭಾಗದ, ಫಂಕ್ಷನ್ ಕೀಗಳ ಹಿಂದಿನ ಪಟ್ಟಿಗೆ ಗುರಿಯಿಟ್ಟು ಒತ್ತಿ. ಅದು ಸಂಖ್ಯೆ ತೋರಿಸದೆ 'ಎಚ್‌ಐ' ಎಂದು ಬರೆದು ಕೆಂಪಗಾಗಿ ಕಿರುಚುತ್ತದೆ. ಮನುಷ್ಯನ ಜ್ವರ ಅಳೆಯಲು ಮಾಡಿದ ಉಪಕರಣಕ್ಕೆ 43 ಡಿಗ್ರಿ ಆಚೆಗಿನ ಲೋಕ ಗೊತ್ತಿಲ್ಲ. ಅಲ್ಲಿ ಕಿರುಚಿದರೆ ಚಿಂತೆಯಿಲ್ಲ, ಬೆರಳು ಅಲ್ಲಿ ಕೂರುವುದಿಲ್ಲ. ಅಂಗೈ ಊರುವ ಜಾಗದಲ್ಲೂ ಕಿರುಚಿದರೆ ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಡೀಲರಿಗೆ ಫೋನ್ ಮಾಡತಕ್ಕದ್ದು.

ಎಚ್ಚರಿಕೆ: ಟೂಲ್‌ರೂಮಿನವರಿಗೆ ಮಾತ್ರ. ಇಡಿಎಂ ಯಂತ್ರಕ್ಕೆ ಗ್ರಾಫೈಟ್ ಎಲೆಕ್ಟ್ರೋಡ್ ಕೊರೆಯುವ ಜಾಗದ ಹತ್ತಿರ ಇದನ್ನು ಇಡಬೇಡಿ. ಆ ಕಪ್ಪು ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು, ಮೇಲಾಗಿ ಅದರಲ್ಲಿ ಕರೆಂಟ್ ಹರಿಯುತ್ತದೆ. ಫ್ಯಾನು ಅದನ್ನು ಅಕ್ಕರೆಯಿಂದ ಒಳಗೆಳೆದು ಬೋರ್ಡಿನ ಮೇಲೆ ಹರಡುತ್ತದೆ. ಮುಂದೆ ಏನಾದರೂ ಆದರೆ ವಾರಂಟಿಯವರು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಸ್ವಂತ ಫೈಲಿನ ಪರೀಕ್ಷೆ

ವೃತ್ತಿಪರರ ತಂತ್ರಾಂಶಗಳಿಗೆಂದೇ ಸ್ಪೆಕ್‌ವ್ಯೂಪರ್ಫ್ ಎಂಬ ಪರೀಕ್ಷೆ ಇದೆ. ಕ್ರಿಯೋ, ಕಟಿಯಾ, ಸಾಲಿಡ್‌ವರ್ಕ್ಸ್ ಎಂದು ಬೇರೆಬೇರೆ ಅಂಕ ಕೊಡುತ್ತದೆ. ಅದನ್ನೂ ಓಡಿಸಿ, ಅಂಕ ಬರೆದುಕೊಳ್ಳಿ, ಮಾಲೀಕರಿಗೆ ತೋರಿಸಲು ಬೇಕಾಗುತ್ತದೆ. ಆದರೆ ತೀರ್ಮಾನಕ್ಕೆ ಬೇಕಾದದ್ದು ನಿಮ್ಮ ಆಫೀಸಿನ ಅತಿ ಕೆಟ್ಟ ಫೈಲು. ಪ್ರತಿ ಆಫೀಸಿನಲ್ಲೂ ಅಂಥದ್ದೊಂದು ಇರುತ್ತದೆ. ತೆರೆಯಲು ಕೊಟ್ಟು ಟೀ ಕುಡಿದು ಬರುವ ಅಭ್ಯಾಸ ಹುಟ್ಟಿದ್ದೇ ಅದರಿಂದ.

ಅದನ್ನು ಹೊಸ ಯಂತ್ರದಲ್ಲಿ ತೆರೆಯಿರಿ. ಹಳೆಯದರಷ್ಟೇ ಹೊತ್ತು ತೆಗೆದುಕೊಂಡಿತೇ? ಹಾಗಿದ್ದರೆ ಫೈಲು ಎಲ್ಲಿದೆ ನೋಡಿ. ಸರ್ವರಿನಲ್ಲಿದ್ದರೆ, ಮಾಮೂಲಿ ಗಿಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ ಬರುತ್ತದೆ. ಲ್ಯಾಪ್‌ಟಾಪಿನ ಒಳಗಿನ ಎನ್‌ವಿಎಂಇ ಡಿಸ್ಕ್ ಸೆಕೆಂಡಿಗೆ ಏಳು ಸಾವಿರ ಎಂಬಿ ಓದಬಲ್ಲದು. ನಾಲ್ಕು ಲಕ್ಷದ ಯಂತ್ರ ಮೂರು ಸಾವಿರದ ಸ್ವಿಚ್ಚಿನ ಮುಂದೆ ಸರದಿಯಲ್ಲಿ ನಿಂತಿದೆ.

ಫೈಲು ಒಳಗೇ ಇದ್ದೂ ನಿಧಾನವಾದರೆ ಅಸೆಂಬ್ಲಿಯ ಬೋಲ್ಟುಗಳನ್ನು ತಪಾಸಣೆ ಮಾಡತಕ್ಕದ್ದು. ಯಾರೋ ಒಬ್ಬ ಟ್ರೈನಿ ಸಪ್ಲೈಯರ್ ಸೈಟಿನಿಂದ ಎಂ8 ಅಲೆನ್ ಬೋಲ್ಟ್ ಇಳಿಸಿಕೊಂಡಿರುತ್ತಾನೆ. ಅದರ ಥ್ರೆಡ್ಡನ್ನು ಬರೀ ಗುರುತು ಹಾಕಿ ಬಿಟ್ಟಿರುವುದಿಲ್ಲ, ಸುರುಳಿ ಸುರುಳಿಯಾಗಿ ನಿಜವಾಗಿಯೇ ಕೆತ್ತಿರುತ್ತಾರೆ, ತಲೆಯ ಮೇಲೆ ಕಂಪನಿ ಹೆಸರನ್ನೂ ಉಬ್ಬಿಸಿರುತ್ತಾರೆ. ಅಂಥ ಬೋಲ್ಟು ಡೈ ಒಂದರಲ್ಲಿ ನೂರಾರು. ಅವನ್ನು ತೆಗೆದು ಸಾದಾ ಬೋಲ್ಟು ಹಾಕಿದ ಕೂಡಲೇ ಹಳೆಯ ಲ್ಯಾಪ್‌ಟಾಪಿನಲ್ಲೂ ಫೈಲು ಚಕಚಕ ತಿರುಗತೊಡಗುತ್ತದೆ. ಈ ಸಂಗತಿಯನ್ನು ಪರೀಕ್ಷಾ ವರದಿಯಲ್ಲಿ ಬರೆಯಬೇಕೋ ಬೇಡವೋ ಎಂಬುದು ಪರೀಕ್ಷಕರ ಆತ್ಮಸಾಕ್ಷಿಗೆ ಬಿಟ್ಟದ್ದು. ಬರೆದರೆ ಹೊಸ ಯಂತ್ರ ಬರುವುದಿಲ್ಲ.

ಕರೆಂಟ್ ಹೋದಾಗ

ಕರೆಂಟ್ ಹೋಗುವ ತನಕ ಕಾಯುವ ಅಗತ್ಯವಿಲ್ಲ, ಪ್ಲಗ್ ಕಿತ್ತರೂ ಸಾಕು. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಆದ್ದರಿಂದ ದೊಡ್ಡ ಯಂತ್ರಗಳ ಬ್ಯಾಟರಿ ತೊಂಬತ್ತೊಂಬತ್ತು ಚಿಲ್ಲರೆಗೆ ಬಂದು ನಿಲ್ಲುತ್ತದೆ. ಗೋಡೆಯಿಂದ 200 ವ್ಯಾಟ್ ಎಳೆಯುತ್ತಿದ್ದ ಯಂತ್ರ ಅದೇ ವೇಗದಲ್ಲಿ ಬ್ಯಾಟರಿಯ ಮೇಲೆ ಓಡಿದರೆ ಅರ್ಧ ಗಂಟೆಗೆ ಖಾಲಿ. ಅದು ಹಾಗೆ ಓಡುವುದೂ ಇಲ್ಲ. ಪ್ಲಗ್ ಕಿತ್ತ ಕ್ಷಣವೇ ವೇಗ ಇಳಿಸುತ್ತದೆ. ಎಷ್ಟು ಇಳಿಸುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಬ್ರೋಷರಿನಲ್ಲಿ ಇರುವುದಿಲ್ಲ. ಮಾಡೆಲ್ ತಿರುಗಿಸುತ್ತಾ ಪ್ಲಗ್ ಕೀಳಿ, ಕಣ್ಣಿಗೇ ಕಾಣುತ್ತದೆ.

ಮಾಲೀಕರ ಪ್ರಶ್ನೆಗಳಿಗೆ ಉತ್ತರಿಸುವ ವಿಧಾನ

"ಇದೇ ದುಡ್ಡಿಗೆ ಗೇಮಿಂಗ್ ಲ್ಯಾಪ್‌ಟಾಪು ಎರಡು ಬರುತ್ತಲ್ಲಪ್ಪಾ? ನನ್ನ ಮಗ ಹೇಳ್ತಿದ್ದ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಯಾಕೆಂದರೆ ಮಗ ಹೇಳಿದ್ದರಲ್ಲಿ ಸತ್ಯವಿದೆ. ಪ್ರೊಸೆಸರ್ ಅದೇ, ಗ್ರಾಫಿಕ್ಸ್ ಚಿಪ್ಪಿನ ಮೂಲವೂ ಅದೇ. ಬ್ಲೆಂಡರಿನಲ್ಲಿ ರೆಂಡರ್ ಮಾಡುವವರು, ವಿಡಿಯೊ ಎಡಿಟ್ ಮಾಡುವವರು ಗೇಮಿಂಗ್ ಯಂತ್ರ ಕೊಂಡರೆ ಮೋಸವೇನೂ ಇಲ್ಲ ಎಂದು ಕೈಪಿಡಿ ಬಹಿರಂಗವಾಗಿಯೇ ಹೇಳುತ್ತದೆ.

ವ್ಯತ್ಯಾಸ ಇರುವುದು ಬೇರೆ ಕಡೆ. ಸಾಲಿಡ್‌ವರ್ಕ್ಸ್‌ನಲ್ಲಿ ರಿಯಲ್‌ವ್ಯೂ ಎಂಬ ಬಟನ್ ಗೇಮಿಂಗ್ ಕಾರ್ಡಿನಲ್ಲಿ ಒತ್ತಲು ಸಿಗುವುದಿಲ್ಲ, ವೃತ್ತಿಪರ ಕಾರ್ಡಿನಲ್ಲಿ ಸಿಗುತ್ತದೆ. ತಂತ್ರಾಂಶ ಕಂಪನಿಗಳು ಇಂಥ ಯಂತ್ರ, ಇಂಥ ಕಾರ್ಡು, ಇಂಥ ಡ್ರೈವರ್ ಆವೃತ್ತಿ ಎಂದು ಪರೀಕ್ಷಿಸಿ ಪ್ರಮಾಣೀಕರಿಸುತ್ತವೆ. ತೊಂದರೆಯಾಗಿ ಸಪೋರ್ಟಿಗೆ ಫೋನ್ ಮಾಡಿದಾಗ ಮೊದಲು ಕೇಳುವುದೇ ಅದನ್ನು. ಪಟ್ಟಿಯಲ್ಲಿಲ್ಲದ ಕಾರ್ಡು ಎಂದ ಕೂಡಲೇ ಆಚೆಯವರ ದನಿಯಲ್ಲಿ ನಿರಾಳ ಕೇಳಿಸುತ್ತದೆ. ಅಂದ ಹಾಗೆ, ಪ್ರಮಾಣಪತ್ರ ಆ ಡ್ರೈವರಿಗೆ ಮಾತ್ರ. ರಾತ್ರೋರಾತ್ರಿ ವಿಂಡೋಸ್ ತಾನೇ ಹೊಸ ಡ್ರೈವರ್ ಹಾಕಿಕೊಂಡರೆ ಬೆಳಗ್ಗೆ ನಿಮ್ಮ ಹತ್ತಿರ ಇರುವುದು ಪ್ರಮಾಣವಿಲ್ಲದ ಯಂತ್ರ. ಐಟಿ ಹುಡುಗನಿಗೆ ಹೇಳಿ ಅದನ್ನು ತಡೆಸತಕ್ಕದ್ದು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ, ಮೂರು ವರ್ಷ ಮನೆಬಾಗಿಲಿಗೆ ಬಂದು ರಿಪೇರಿ ಮಾಡುವ ವಾರಂಟಿ. ಬೋರ್ಡು ಹೋದ ಗೇಮಿಂಗ್ ಲ್ಯಾಪ್‌ಟಾಪನ್ನು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಟೋಕನ್ ಹಿಡಿದು ಕೊಟ್ಟು, "ಪಾರ್ಟ್ ಬಂದ್ಮೇಲೆ ಕಾಲ್ ಮಾಡ್ತೀವಿ" ಎಂಬ ಮಾತು ನಂಬಿಕೊಂಡು ವಾಪಸಾದವರಿಗೆ ಈ ಪ್ಯಾರಾ ಓದುವ ಅಗತ್ಯವಿಲ್ಲ. ಮಾಲೀಕರಿಗೆ ಇದನ್ನು ವ್ಯಾಟಿನಲ್ಲೂ ಗಿಗಾಹರ್ಟ್ಸಿನಲ್ಲೂ ವಿವರಿಸಬಾರದು. "ಟ್ರಯಲ್ ದಿನ ಲ್ಯಾಪ್‌ಟಾಪು ಕೆಟ್ಟರೆ ಗಿರಾಕಿಗೆ ಯಾರು ಸಾರ್ ಉತ್ತರ ಹೇಳೋದು?" ಎಂದು ಕೇಳಿ ಸುಮ್ಮನಾಗಬೇಕು.

ಅಕೌಂಟ್ಸಿನ ಹಿರಿಯರಿಗೆ ಬೇರೆ ಭಾಷೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ. ನಾಲ್ಕು ಲಕ್ಷದ ಯಂತ್ರ ಮೂರು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ 86,400 ರೂಪಾಯಿ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷಕ್ಕೆ ಅರ್ಧವೇ ಸಿಗುತ್ತದೆ, ಅಂದರೆ ಸೆಪ್ಟೆಂಬರ್ ದಾಟಿಸಬಾರದು. ಸೆಪ್ಟೆಂಬರಿನಲ್ಲಿ ಇದನ್ನು ಅವರ ಕಿವಿಗೆ ಹಾಕಿದರೆ, ಆಮೇಲೆ ಫೈಲನ್ನು ತಳ್ಳುವವರು ಅವರೇ.

ದೋಷ ಮತ್ತು ಪರಿಹಾರ

ಪರದೆಯಲ್ಲಿ ಟೂಲ್‌ಬಾರಿನ ಐಕಾನುಗಳು ಸಾಸಿವೆ ಕಾಳಿನಷ್ಟಾಗಿವೆ: ಹದಿನಾರು ಇಂಚಿಗೆ 4ಕೆ ಪರದೆ ತೆಗೆದುಕೊಂಡಿದ್ದೀರಿ. ಕಣ್ಣಿನ ಡಾಕ್ಟರಿಗಿಂತ ಮೊದಲು ಡಿಸ್‌ಪ್ಲೇ ಸ್ಕೇಲಿಂಗ್ ನೋಡಿ.

ಪರದೆಯಲ್ಲಿ ಮಾಡೆಲಿಗಿಂತ ಟ್ಯೂಬ್‌ಲೈಟ್ ಚೆನ್ನಾಗಿ ಕಾಣುತ್ತಿದೆ: ಹೊಳಪಿನ ಪರದೆ. ಮ್ಯಾಟ್ ಕೇಳಿ.

ಸಂಖ್ಯೆ ಹೊಡೆಯಲು ಬಲಗಡೆ ನಂಬರ್ ಪ್ಯಾಡ್ ಇಲ್ಲ: ತೆಳು ಮಾದರಿ. ಡೈಮೆನ್ಷನ್ ಹೊಡೆದೇ ಹೊಟ್ಟೆ ಹೊರೆಯುವವರು ಇದನ್ನು ಸಹಿಸಿಕೊಳ್ಳಬಾರದು.

ಯಂತ್ರ ಬಂದಿದೆ, ಪರೀಕ್ಷಕರ ಮೇಜಿನ ಮೇಲೆ ಇಲ್ಲ: ಮಾಲೀಕರ ಕ್ಯಾಬಿನ್ನಿನಲ್ಲಿ ನೋಡಿ. ಮೇಲ್ ಓದುತ್ತಿರುತ್ತದೆ. ಇದಕ್ಕೆ ಪರಿಹಾರ ಈ ಆವೃತ್ತಿಯಲ್ಲಿ ಲಭ್ಯವಿಲ್ಲ, ಆದರೆ ಕೆಳಗಿನ ಅಧ್ಯಾಯ ಸ್ವಲ್ಪ ಮಟ್ಟಿಗೆ ತಡೆಯಬಲ್ಲದು.

ಪರ್ಚೇಸ್ ಆರ್ಡರ್ ಬರೆಯುವಾಗ

ಮಾದರಿಯ ಹೆಸರು ಮಾತ್ರ ಬರೆದರೆ ಡೀಲರಿಗೆ ಸಿಕ್ಕಿದ್ದು ಬರುತ್ತದೆ. ಗ್ರಾಫಿಕ್ಸ್ ಚಿಪ್ಪಿನ ಹೆಸರಿನ ಪಕ್ಕ ಅದರ ವ್ಯಾಟ್, ಮೆಮೊರಿ ಎಷ್ಟು ಜಿಬಿ ಮತ್ತು ಎಷ್ಟು ಸ್ಲಾಟ್ ಖಾಲಿ ಬಿಡಬೇಕು, ಪರದೆ ಮ್ಯಾಟ್, ಮೂರು ವರ್ಷದ ಆನ್‌ಸೈಟ್ ವಾರಂಟಿ, ಅಡಾಪ್ಟರು ಎರಡು ಎಂದು ಬಿಡಿಸಿ ಬರೆಯತಕ್ಕದ್ದು. ಕೆಳಗೆ ಬಳಕೆದಾರರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರನ್ನೂ, ಮಾಲೀಕರಿಗೆ ಬೇರೆಯದೇ ಸಾಲಿನಲ್ಲಿ ಒಂದು ಕೆಜಿ ತೂಕದ, ಬೆಳ್ಳಿ ಬಣ್ಣದ, ನೋಡಲು ಲಕ್ಷಣವಾದ ಸಣ್ಣ ಲ್ಯಾಪ್‌ಟಾಪೊಂದನ್ನೂ ಸೇರಿಸಿ, ಎರಡಕ್ಕೂ ಒಟ್ಟಿಗೇ ಸಹಿ ಮಾಡಿಸಿಕೊಳ್ಳಿ.